ಟಗರು ಕಳವಿನಲ್ಲಿ ನಾನು ತೋರಿಸಿದ ಮುಖದ ಬಗ್ಗೆ ಎರಡನೆಯ ಹೇಳಿಕೆ

ನಾನು ಹೊಳೆಯಪ್ಪ ತಂದೆ ಬೀರಲಿಂಗಪ್ಪ, ವಯಸ್ಸು 58, ಓದು ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆ, ಉದ್ಯೋಗ ಕುರಿ ಸಾಕಣೆ, ಸಾಕಿನ್ ಮೊರಬ, ತಾಲೂಕು ನವಲಗುಂದ. ಈ ದಿನ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಹಿಂದೆ ಕೊಟ್ಟ ಹೇಳಿಕೆಯನ್ನು ತಿದ್ದುವ ಸಲುವಾಗಿ ಬರೆಯಿಸುವುದೇನೆಂದರೆ:

ನನ್ನವು ಒಟ್ಟು 142 ಕುರಿ. ಪ್ರತಿಯೊಂದನ್ನೂ ಮುಖ ನೋಡಿ ಹೇಳುತ್ತೇನೆ. ನಾಲ್ಕು ಮಂದೆ ಕಲೆತರೂ ನನ್ನವನ್ನು ಬೇರ್ಪಡಿಸಲು ಕಿವಿಯ ಕತ್ತರಿ ಗುರುತು ನನಗೆ ಬೇಕಿಲ್ಲ. ಇದು ಸುತ್ತಿನ ಏಳು ಹಳ್ಳಿಗೆ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ.

ದಿನಾಂಕ 12-2-1986, ಬುಧವಾರ, ಸಂಜೆ ಐದರ ಸುಮಾರಿಗೆ ಕೊಯ್ದ ಜೋಳದ ಹೊಲದಲ್ಲಿ ಜಾಲಿ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಒಬ್ಬ ಮನುಷ್ಯ ನನ್ನ ಟಗರನ್ನು ಹಗ್ಗ ಹಿಡಿದು ಎಳೆಯುತ್ತ ಹಳ್ಳಕ್ಕೆ ಇಳಿದ. ಕೂಗುತ್ತ ಹೋದೆ. ಮೊಣಕಾಲು ನೋವಿನಿಂದ ನಾನು ಹಳ್ಳ ಮುಟ್ಟುವುದರೊಳಗೆ ಅವನೂ ಇಲ್ಲ, ಟಗರೂ ಇಲ್ಲ.

ದಿನಾಂಕ 14ರಂದು ಪೊಲೀಸರು, ಆ ವಾರ ಊರಲ್ಲಿ ಕಂಡಿದ್ದ ಹೊರಗಿನ ಎಂಟು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಇವರಲ್ಲಿ ಇದ್ದಾನೆಯೇ ಎಂದು ಕೇಳಿದರು. ಎಡದಿಂದ ಐದನೆಯವನನ್ನು ತೋರಿಸಿದೆ. ಅವನು ಊರೂರು ತಿರುಗಿ ಹಾಸಿಗೆಯ ಹತ್ತಿ ಹಿಂಜುವ ಇಮಾಮುದ್ದೀನ, ವಯಸ್ಸು ಸುಮಾರು 30. ಟಗರು ಹೋದ ಹೊತ್ತಿಗೆ ಗುಡಿಯ ಪೌಳಿಯಲ್ಲಿ ಒಬ್ಬನೇ ಮಲಗಿದ್ದೆನೆಂದು ಅವನು ಹೇಳಿದ. "ಕಾಕಾ, ನೀವು ನನ್ನ ನೋಡೀರಿ" ಎಂದ. ಮುಂದೆ ಮಾತಾಡಗೊಡದೆ, "ನೋಡೇನಲೇ, ಅದಕ್ಕ ತೋರ್ಸೇನಿ" ಎಂದೆ. ಟಗರು ಒಯ್ದ ದಿನ ಇವನ ಹುಬ್ಬು ಬೆಳ್ಳಗಿದ್ದವು, ಈಗ ತೊಳೆದುಕೊಂಡಿದ್ದಾನೆ ಎಂದೂ ಬರೆಯಿಸಿದೆ. ಸುಳ್ಳು ಹೇಳಲಿಲ್ಲ. ಆ ಬಿಳಿ ಹುಬ್ಬು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಇತ್ತು. ನನ್ನ ಮಾತೊಂದನ್ನು ಬಿಟ್ಟರೆ ಅವನ ಮೇಲೆ ಬೇರೆ ಪುರಾವೆ ಇಲ್ಲ. ಅಂದಿನಿಂದ ಅವನು ಒಳಗಿದ್ದಾನೆ.

ಮುಂದಿನ ನಾಲ್ಕು ದಿನ ಚಾವಡಿ ಕಟ್ಟೆಯ ಮೇಲೆ ಈ ಸಂಗತಿಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ದಿನಾಂಕ 18ರಂದು ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ಕೆಂಚವ್ವ ನಿಂತು ಕೇಳಿ, ಮಂದಿಯ ಮುಂದೆಯೇ, "ಮೊದಲನೇ ದಿನ ಕಳ್ಳ ಎಂಬತ್ತ ಹೆಜ್ಜಿ ದೂರ ಇದ್ದ. ನಿನ್ನೆ ನಲವತ್ತ. ಇವತ್ತ ಇಪ್ಪತ್ತಕ್ಕ ಬಂದಾನ. ನಾಳೆ ಬಂದು ನಿಮ್ಮ ತೊಡಿ ಮ್ಯಾಲ ಕುಂದರ್ತಾನ ನೋಡ್ರಿ" ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅಳೆದೇ ತೋರಿಸುತ್ತೇನೆಂದು ಎದ್ದೆ.

ಕುರಿ ತಪ್ಪಿದರೆ ನಾವು ಮುಂದೆ ಹುಡುಕುವುದಿಲ್ಲ. ಲೆಕ್ಕ ಸರಿಯಿದ್ದ ಕಡೆಯ ಜಾಗಕ್ಕೆ ಹೊರಳಿ ಹೋಗಿ, ಅಲ್ಲಿಂದ ಮತ್ತೆ ನಡೆಯುತ್ತೇವೆ. ಅದೇ ಪ್ರಕಾರ ಸಂಜೆ ಐದಕ್ಕೆ ಅದೇ ಜಾಲಿಗೆ ಬೆನ್ನು ಕೊಟ್ಟು ಕೂತು, ಕೆಂಚವ್ವನ ಕೈಗೆ ಇನ್ನೊಂದು ಟಗರು ಕೊಟ್ಟು ಹಳ್ಳದ ದಂಡೆಗೆ ಕಳಿಸಿದೆ. ಹೊತ್ತು ಇಳಿಯುತ್ತಿದ್ದು, ಬಿಸಿಲು ನೇರ ಕಣ್ಣಿಗೆ ಬಡಿಯುತ್ತಿತ್ತು. ಕೆಂಚವ್ವ ಕರ್ರಗೆ ಒಂದು ಕಂಬದಂತೆ ಕಂಡಳು.

"ನನ್ನ ಮಾರಿ ಕಾಣಸ್ತೈತೇನ್ರಿ?" ಎಂದು ಕೂಗಿದಳು.

"ಅಗದಿ ಚಲೋ ಕಾಣಸ್ತೈತಿ!" ಎಂದೆ.

"ಹಂಗಾರ ನಾಲಿಗಿ ಹೊರಗ ತಗದೇನೋ, ಇಲ್ಲೋ?"

ಎದ್ದು ಅಳೆದಾಗ 84 ಹೆಜ್ಜೆ ಆಯಿತು. ಕಳ್ಳನದೆಂದು ನನ್ನ ಬಳಿ ಉಳಿದದ್ದು ತಲೆಗೆ ಸುತ್ತಿದ ಟವೆಲ್ಲು ಮತ್ತು ಬಾಗಿದ ಬೆನ್ನು ಮಾತ್ರ. ಮುಖ ಇಲ್ಲ. ಹಾಗಾದರೆ ನಾನು ತೋರಿಸಿದ ಮುಖ ಎಲ್ಲಿಯದು ಎಂದು ಕೆಂಚವ್ವ ಕೇಳಿದಳು.

ಊರಿಗೆ ಹೊರಳುವಾಗ, ಆರರ ಸುಮಾರಿಗೆ, ರೇವವ್ವ ಎಂಬುವಳು ತನ್ನ ಹೊಲದ ಬದುವಿನಲ್ಲಿ ಬಿಡಿಸಿದ ಹತ್ತಿಯನ್ನು ಚೀಲಕ್ಕೆ ತುಳಿಯುತ್ತಿದ್ದಳು. ಅವಳ ಹುಬ್ಬು ಅರಳೆ ಮೆತ್ತಿಕೊಂಡು ಬೆಳ್ಳಗಾಗಿದ್ದವು. ನಾನು ನಿಂತಲ್ಲೇ ನಿಂತೆ. ಮೊದಲು ಹಿಂಜುವ ಬಿಲ್ಲಿನ ಟಂಯ್ ಟಂಯ್ ಸಪ್ಪಳ ಕಿವಿಗೆ ಬಂತು. ಅದರ ಹಿಂದೆ ಮಿಶ್ರಿಕೋಟಿಯಲ್ಲಿರುವ ನನ್ನ ತಮ್ಮ ತಿರಕಪ್ಪನ ಮನೆಯ ಕಟ್ಟೆ, ಹೋದ ದೀಪಾವಳಿಯ ಮರುದಿನ. ಕಡೆಗೆ ಬಿಳಿ ಹುಬ್ಬಿನ ಇಮಾಮುದ್ದೀನ. ಕುರಿ ಒಂದರ ಹಿಂದೊಂದು ಹಟ್ಟಿಗೆ ಬಂದ ಹಾಗೆ ನೆನಪಿಗೆ ಬಂದವು.

ಆ ದಿನ ನಾನು ಅವನ ಎದುರಿಗೆ ಎರಡು ತಾಸು ಕೂತಿದ್ದೆ. ಅವನು ಹತ್ತಿ ಹಿಂಜುತ್ತ ನನ್ನ ದೊಡ್ಡ ಮಾತು ಕೇಳಿದ, ನಕ್ಕ, ಬೀಡಿಗೆ ಬೆಂಕಿ ಕೊಟ್ಟ. ಒಮ್ಮೆ ನೋಡಿದ ಮುಖವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲವೆಂದು ಅವನಿಗೇ ಹೇಳಿದ್ದೆ. ಹೇಳುವ ಭರದಲ್ಲಿ ಅವನ ಹೆಸರು, ಊರು ಕೇಳಲಿಲ್ಲ. ಕೈಯಲ್ಲಿ ಬಿಲ್ಲಿಲ್ಲದೆ ಸಾಲಿನಲ್ಲಿ ನಿಂತಾಗ ಮುಖ ಮಾತ್ರ ಗುರುತು ಹತ್ತಿತು, ಎಲ್ಲಿ ಕಂಡದ್ದೆಂಬುದು ಹತ್ತಲಿಲ್ಲ. ಕಲೆತ ಮಂದೆಯಲ್ಲಿ ಗುರುತಿನ ಮುಖ ಕಂಡರೆ ಅದು ನನ್ನ ಕುರಿ. ಎಂಟು ಮಂದಿಯಲ್ಲೂ ನಾನು ಹಾಗೆಯೇ ಆರಿಸಿದೆ.

ಹಾಗಾದರೆ ಟಗರು ಒಯ್ದವನು ಯಾರು ಎಂದು ಈಗ ಸಾಹೇಬರು ಕೇಳಿದರು. ಗೊತ್ತಿಲ್ಲ ಎಂದೆ. ಇನ್ನೂ ಕೆಲವರನ್ನು ಕರೆಸಿ ತೋರಿಸುವುದಾಗಿ ಸಾಹೇಬರು ಹೇಳಿದ್ದಕ್ಕೆ, ಯಾರನ್ನೂ ತೋರಿಸಬೇಡಿರಿ ಎಂದು ಕೈ ಮುಗಿದೆ. ತೋರಿಸಿದರೆ ನಾನು ಗುರುತು ಹಿಡಿಯುತ್ತೇನೆ. ಇಮಾಮುದ್ದೀನನನ್ನು ಇವತ್ತೇ ಮನೆಗೆ ಕಳಿಸಬೇಕು. ಟಗರು ಹೋದದ್ದು ಹೋಗಲಿ.

ಇದನ್ನು ಓದಿಸಿ ಕೇಳಿದ್ದೇನೆ. ನನಗೆ ತಿಳಿದ ಮಟ್ಟಿಗೆ ಖರೆ ಇದೆ. ತಿಳಿಯದ್ದನ್ನು ಈ ಸಲ ಸೇರಿಸಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 19-2-1986, ಬೆಳಿಗ್ಗೆ 10-20
ಸಹಿ: ಹೊಳೆಯಪ್ಪ ಬೀರಲಿಂಗಪ್ಪ (ಸ್ವಂತ ಕೈಯಿಂದ)