ತಡವಾಗಿ ಮುಟ್ಟುವ ಫೋನು

ವಾಚಕ ಮಹಾಶಯರೇ, ಬೆಳಗಾವಿ ಬಸ್ ನಿಲ್ದಾಣದಲ್ಲಿ ಈ ಅಲೆಮಾರಿಯ ಕಿವಿಗೆ ಬಿದ್ದ ಸಂವಾದವಿದು. ಟಿಳಕವಾಡಿಯ ಪುಟ್ಟ ಕಂಪನಿಯಲ್ಲಿ ಇಂಟರ್ನೆಟ್ ಮೂಲಕ ವಿದೇಶಕ್ಕೆ ಅಗ್ಗದ ಕರೆ ಮಾಡಿಸುವ ಸುಯಶನು ಅತ್ತೆ ರಾಜಮತಿಗೆ ತನ್ನ ಆಫೀಸಿನಿಂದ ದುಬೈಗೆ ಫೋನು ಮಾಡಿಸಿ, ಆಕೆಯನ್ನು ಖಾನಾಪುರದ ಬಸ್ಸು ಹತ್ತಿಸಲು ಬಂದಿದ್ದನು.

“ದುಬೈ ನೆಗೆಣ್ಣಿಗೆ ಹೆಂಗ ಬೈದೆ ನೋಡು! ಬಾಯಿ ಬಿಡಲಿಲ್ಲ ಆಕಿ.”

“ಅತ್ತಿ, ನಮ್ಮ ಫೋನಿನ್ಯಾಗ ದನಿ ತಡಾ ಮಾಡಿ ಬರತೈತಿ. ನೀ ಎದ್ದಮ್ಯಾಲೆ ಆಕಿ ಮಾತು ಬಂತು.”

“ಏನಂದ್ಲು?”

“‘ತಪ್ಪು ನಂದ ಅಕ್ಕಾ, ಹಬ್ಬಕ್ಕ ಬರ್ತೀನಿ’ ಅಂದ್ಲು.”

“ಅಯ್ಯ ನನ್ನ ಕರ್ಮ! ಆಮ್ಯಾಲ?”

“ಆಮ್ಯಾಲ ನಿನ್ನ ಬೈಗಳ ಆಕಿಗೆ ಮುಟ್ಟಿದ್ವು. ‘ಬರೂದಿಲ್ಲ’ ಅಂದ್ಲು.”

“ನಡಿ ಆಫೀಸಿಗೆ! ಮತ್ತ ಫೋನ್ ಹಚ್ಚು.”

“ಬೈಯೂದಿಲ್ಲ ಹೌದಿಲ್ಲೊ?”

“ಸ್ವಲ್ಪರ ಬೈಯಲಿಲ್ಲಂದ್ರ ನಾನ ಮಾತಾಡಾಕತ್ತೀನಂತ ಆಕಿಗೆ ಹೆಂಗ ಗೊತ್ತಾಗಬೇಕೋ?”

ಇಬ್ಬರೂ ಟಿಳಕವಾಡಿಯತ್ತ ಧಾವಿಸಿದರು. ಅಲೆಮಾರಿಯು ಗಂಟುಮೂಟೆ ಕಟ್ಟಿಕೊಂಡು ಖಾನಾಪುರದ ಬಸ್ಸನ್ನೇರಿದನು.