ನಾಯಿಯ ಕೆಲಸ

ಅಮೆರಿಕದ ಟಲ್ಸಾ ಊರಿನ ಆಸ್ಪತ್ರೆಯಲ್ಲಿ ನದೀನ್ ಮಂಡಿನೋವಿನ ಚುಚ್ಚುಮದ್ದಿಗಾಗಿ ಕಾಯುತ್ತಿದ್ದಳು. ಎದುರಿನ ಕುರ್ಚಿಗಳಲ್ಲಿ ಗಂಡ ಹೆಂಡತಿ ಕೂತಿದ್ದರು. ಟೋಪಿಯ ಮೇಲಿನ ಬರಹ ನೋಡಿದರೆ ಗಂಡ ಮಾಜಿ ಸೈನಿಕ. ನೋವಿನಿಂದ ಮನಸ್ಸು ಕುಸಿದವರಿಗೆ ಆಸರೆಯಾಗಲೆಂದೇ ಪಳಗಿಸಿದ ಕಪ್ಪು ನಾಯಿಯೊಂದು ಅವನ ಪಾದದ ಮೇಲೆ ಮಲಗಿತ್ತು.

"ವರ್ಲಿನ್, ಬೆಳಿಗ್ಗೆ ಬೆನ್ನುನೋವು ಜಾಸ್ತಿ ಇತ್ತಾ?" ಹೆಂಡತಿ ಕೇಳಿದಳು.

"ಯಾಕೆ?"

"ಪೆಪ್ಪರ್ ನಿನ್ನ ಎದೆ ಮೇಲೆ ಮಲಗಿತ್ತಲ್ಲ. ನಿನಗೆ ನೋವಾದ್ರೆ ಈಗ ಅದನ್ನ ನೋಡೇ ನಂಗೆ ಗೊತ್ತಾಗೋದು."

"ಒಳ್ಳೇದಾಯ್ತು. ನಿಂಗೆ ಕೇಳೋ ಕಷ್ಟ ತಪ್ತು."

"ಇದು ಬಂದ ಮೇಲೆ ನೀನು ನನ್ನ ಹತ್ರ ಮಾತೇ ಆಡಲ್ಲ."

"ಮೊದಲೂ ಆಡ್ತಿರಲಿಲ್ಲ, ಟ್ವೈಲಾ."

"ಮೊದಲು ನನ್ನ ಕೈ ಹಿಡ್ಕೊಂಡು ಅಳ್ತಿದ್ದೆ."

ಟ್ವೈಲಾಳ ದನಿಯಲ್ಲಿ ನದೀನ್‌ಗೆ ಸಿಟ್ಟು ಕೇಳಲಿಲ್ಲ, ಅಳುವೂ ಕೇಳಲಿಲ್ಲ. ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು. ಅಷ್ಟರಲ್ಲಿ ನಾಯಿ ಎದ್ದು ಬಂದು ಟ್ವೈಲಾಳ ತೊಡೆಯ ಮೇಲೆ ತಲೆಯಿಟ್ಟು ಒತ್ತಿತು.

"ಏಯ್, ನಿನ್ನ ಕೆಲಸ ಅಲ್ಲಿದೆ, ಹೋಗು."

ನಾಯಿ ಅಲುಗಲಿಲ್ಲ.

"ಇರಲಿ ಬಿಡು. ಅದು ಕೆಲಸಾನೇ ಮಾಡ್ತಿದೆ," ಎಂದ ವರ್ಲಿನ್.

"ನಂಗೇನಾಗಿದೆ? ನಂಗೇನೂ ಆಗಿಲ್ಲ."

"ನಾನೂ ಹಾಗೇ ಅಂತಿದ್ದೆ."

ನರ್ಸ್ ಬಂದು ಅವನ ಹೆಸರು ಕೂಗಿದಳು. ವರ್ಲಿನ್ ನಾಯಿಯ ಹಗ್ಗವನ್ನು ಹೆಂಡತಿಯ ಕೈಗಿಟ್ಟು, ಗೋಡೆ ಹಿಡಿದುಕೊಂಡು ಒಬ್ಬನೇ ನಡೆದ. ಟ್ವೈಲಾ ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ ಅವಳೂ ಎದ್ದಳು. ನಾಯಿ ಅವಳ ಮಗ್ಗುಲಲ್ಲೇ ಒಳಗೆ ಹೋಯಿತು.