ಕಿಟಕಿ ಪಕ್ಕದ ಸೀಟು

ಬ್ಯಾಡ ಕಣವ್ವಾ ಸಾಬಿರಾ, ಸ್ಟೂಲು ಬ್ಯಾಡ, ಒಳಗಿಡು... ನಿಂತ್ಕಂಡೇ ಎಲ್ಡು ಮಾತಾಡಿ ಹೋಯ್ತೀನಿ. ನಿಮ್ಮಪ್ಪಾರು ತೀರ್ಕಂಡು ನಲವತ್ತು ದಿನ ಆಯ್ತು, ಟೈಲರ್ ರಹಮತುಲ್ಲಾ ಸಾಬ್ರ ಮಗಳು ಬಂದು ಅಂಗಡಿ ಖಾಲಿ ಮಾಡ್ತಾವ್ಳೆ ಅಂತ ಸಂತೇಲಿ ಅಂದ್ರು. ಇಲ್ಲಿ ಎಸ್‌ಟಿಡಿ ಬೂತ್ ಬತ್ತದಂತೆ? ಹೂಂ... ಬರ್ಲಿ ಬುಡು. ನಾನ್ಯಾರು ಅಂತ ಗೊತ್ತಾಯ್ತಾ? ಹಟ್ಟಿ ಕಾಳಕ್ಕ ಕಣವ್ವಾ. ಕಡ್ಡಿಪೊರಕೆ ಮಾರೋ ಕಾಳಕ್ಕ! ತಲೆ ಆಡಿಸ್ತೀಯ... ಅಪ್ಪಾರು ಹೇಳಿದ್ರಾ ನನ್ ವಿಚಾರ? ಹೇಳಿರ್ತಾರೆ, ಹೇಳಿರ್ತಾರೆ.

ಹನ್ನೆಲ್ಡು ವರ್ಷ ಕಣವ್ವಾ... ಹುಳಿಯಾರು ಸಂತೆ ತಪ್ಪಿಸ್ದೋಳಲ್ಲ ನಾನು. ತೋಟದೋರ ತಾವ ತೆಂಗಿನಗರಿ ಇಸ್ಕಂಡು, ಕಡ್ಡಿ ಸೀಳಿ, ಪೊರಕೆ ಕಟ್ಟಿ, ಹೊರೆ ಹೊತ್ಕಂಡು ಬಸ್ಸಿಳಿದ್ರೆ ಮೊದ್ಲು ಕಾಣ್ತಿದ್ದೋರೇ ನಿಮ್ಮಪ್ಪಾರು. ಮಿಷನ್ ತುಳಿಯೋದು ನಿಲ್ಸಿ, ಎದ್ದು ಬಂದು, ಹೊರೆ ಇಳಿಸಕ್ಕೆ ಕೈ ಕೊಡೋರು. ನಾನು ಕೇಳ್ಬೇಕಿರ್ಲಿಲ್ಲ... ಕೇಳ್ದೆ ಇದ್ರೂ ಬರೋರು. ಉಳಿದಿದ್ ಪೊರಕೇನ ಇಲ್ಲೇ ಮೂಲೇಲಿ ಇಡಕ್ಕಾ, ವಾಪಸ್ ಯಾಕೆ ಹೊರ್ತೀಯ ಅನ್ನೋರು. ಒಂದ್ಸಲ ಸೆರಗು ಮೊಳೆಗೆ ಸಿಕ್ಕಂಡು ಪರ್ರಂತ ಹರಿದೋಯ್ತು ನೋಡು, ಉಟ್ಟಂಗೇ ನಿಲ್ಲಿಸ್ಕಂಡು, ತುದಿ ಮಾತ್ರ ಮಿಷನ್ನಿಗೆ ಹಿಡ್ದು ಹೊಲ್ದ್ರು! ನಾನು ಇಲ್ಲಿ ಕಟ್ಟಾಕಿದ್ ಮೇಕೆ ನಿಂತಂಗೆ ನಿಂತಿದ್ದೆ... ಯಾಕೆ ನಗ್ತೀಯ? ನಗು ನಗು, ಅವ್ರೂ ಹಿಂಗೇ ನಕ್ಕಿದ್ರು.

ಇನ್ನೊಂದು ಹೇಳ್ಬೇಕು... ನನ್ ಮಗಳು ಕೋಮಲ ಹೆತ್ತಾಗ ತಾಯಿ-ಕೂಸು ಇಬ್ರನ್ನೂ ಹಟ್ಟಿಯಿಂದಾಚೆ ಗುಡ್ಲಲ್ಲಿ ಇಟ್ಟಿದ್ವಿ. ನಮ್ಮಲ್ಲಿ ಹಂಗೆ, ಹೆತ್ತ ಸೂತಕ ಕಳೆಯೋಗಂಟ ಒಳಗೆ ಸೇರ್ಸಲ್ಲ, ಏನ್ ಮಾಡದು. ಚಳಿ ಅಂದ್ರೆ ಅಂಥಾ ಚಳಿ. ಕೂಸು ನಡುಗ್ತೈತೆ ಸಾಬ್ರೇ ಅಂತ ಇಲ್ಲಿ ಬಂದು ಅಂದೆ. ಬೇಡಕ್ಕಲ್ಲ ಕಣವ್ವಾ, ಸುಮ್ಕೆ, ಮಾತಿಗೆ ಅಂದೆ. ಸಂಜೆ ಬಸ್ ಹತ್ತೋ ಹೊತ್ಗೆ ತುಂಡುಬಟ್ಟೆ ಎಲ್ಲಾ ಕೂಡ್ಸಿ ಒಂದು ಪುಟ್ಟ ಕೌದಿ ಹೊಲ್ದು ಕೈಗಿಟ್ರು. ಸಂತೆ ದಿನ! ಗಿರಾಕಿಗಳು ಬೈಕಂಡು ಹೋದ್ರು, ಅವ್ರು ತಲೆ ಎತ್ತಲಿಲ್ಲ. ಆ ಕೂಸು ಈಗ ಇಸ್ಕೂಲಿಗೆ ಹೋಯ್ತದೆ.

ನಾನೇನು ಮಾಡ್ದೆ ಅವ್ರಿಗೆ? ಒಂದೇ. ನಮಾಜಿನ ಹೊತ್ನಲ್ಲಿ, "ಕಾಳಕ್ಕಾ, ವಸಿ ಅಂಗಡಿ ಕಡೆ ನೋಡ್ಕ" ಅನ್ನೋರು. ಬಾಗ್ಲಲ್ಲಿ ಕುಂತಿರ್ತಿದ್ದೆ. ಅಷ್ಟೆ. ಅದೂ ಒಂದ್ ಕೆಲ್ಸವಾ!

ಅವತ್ತು... ಅವತ್ತು ನಾನು ಬಂದಿರ್ಲಿಲ್ಲ ಕಣವ್ವಾ. ಮೈಗೆ ಹುಷಾರಿರ್ಲಿಲ್ಲ. ಬಂದಿದ್ರೆ ಹಿಂಗಾಗಕ್ಕೆ ಬುಡ್ತಿದ್ನಾ? ಮೆಟ್ಟಿಲ ಮ್ಯಾಲೆ ಎದೆ ಹಿಡ್ಕಂಡು ಕುಂತಿದ್ರಂತೆ... ಎದುರಿಗೇ ಬಸ್‌ಸ್ಟ್ಯಾಂಡು, ಅಷ್ಟು ಜನ, ಒಬ್ರಾದ್ರೂ ತಿರುಗಿ ನೋಡ್ಬಾರ್ದಾ! ಎಂಥಾ ಜನ ಕಣವ್ವಾ! ವಸಿ ಮುಂಚೆ ತಂದಿದ್ರೆ ಉಳೀತಿದ್ರು ಅಂತ ಡಾಕ್ಟ್ರು ಅಂದ್ರಂತಲ್ಲ...

ಯಾಕವ್ವಾ ಹಂಗೆ ನೋಡ್ತೀಯ? ಬಂದಿರ್ಲಿಲ್ಲ ಅಂದ್ನಲ್ಲ. ಜ್ವರ. ಮೂರು ದಿನ ಎದ್ದಿರ್ಲಿಲ್ಲ... ಏನಾರ ಕೇಳಂಗಿದ್ರೆ ಕೇಳು.

ಅಯ್ಯೋ, ನೀರು ಯಾಕೆ ತಂದೆ? ನಂಗೇನೂ ಬಾಯಾರಿಲ್ಲ. ಬ್ಯಾಡ ಅಂದ್ರೆ... ಕೊಡು ಅತ್ಲಾಗೆ. ಕುಡಿಯಕ್ಕಾಗಲ್ಲ ಕಣವ್ವಾ, ಇಸ್ಕ.

ಬಂದಿದ್ದೆ.

ಯಾರು ಹೇಳಿದ್ರು ನಿಂಗೆ? ಹೂ ಮಾರೋ ಹೊಂಬಾಳಮ್ಮನಾ? ಅಲ್ವಾ? ಯಾರೂ ಹೇಳ್ಲಿಲ್ವಾ! ಮತ್ಯಾಕೆ ಹಂಗೆ ನೋಡ್ತಾ...

ಪೊರಕೆ ಎಲ್ಲಾ ಅವತ್ತು ಬೇಗ ಖಾಲಿ ಆಯ್ತು. ಮಧ್ಯಾಹ್ನದ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಸಂತೆ ದಿನ ಸೀಟು! ಹನ್ನೆಲ್ಡು ವರ್ಷದಲ್ಲಿ ಎಷ್ಟು ಸಲ ಸಿಕ್ಕೈತೋ, ಬೆರಳಲ್ಲಿ ಎಣಿಸ್ಬೋದು. ಯಾವತ್ತೂ ನಿಂತ್ಕಂಡೇ, ಒಬ್ರ ಮ್ಯಾಲೊಬ್ರು ಬಿದ್ಕಂಡೇ ಹೋಗದು. ಕುಂತು, ಉಸ್ಸಪ್ಪಾ ಅಂತ ಕಾಲು ನೀಡ್ದೆ... "ಕಾಳಕ್ಕಾ" ಅಂದ್ರು. ನೋಡ್ದೆ. ಮೆಟ್ಟಿಲ ಮ್ಯಾಲೆ ಕುಂತು ಕೈ ಎತ್ತವ್ರೆ. ನಮಾಜಿಗೆ ಹೋಗ್ಬೇಕೇನೋ, ಅಂಗಡಿ ನೋಡ್ಕ ಅಂತಾರೆ, ಇಳಿದ್ರೆ ಸೀಟು ಹೋಯ್ತದೆ ಅಂದ್ಕಂಡೆ... ಕೇಳಿಸ್ದೆ ಇರೋಳಂಗೆ ಮುಖ ತಿರುಗಿಸ್ಬುಟ್ಟೆ ಕಣವ್ವಾ.

ಇನ್ನೊಂದ್ಸಲ ಕರೆದ್ರು. ಈ ಸಲ ಹೆಸರಿಲ್ಲ... ಬರೀ "ಅಕ್ಕಾ". ಅಂಗಡಿ ನೋಡ್ಕ ಅಂತ ಕರೆಯೋ ದನಿ ಅಲ್ಲ ಅದು. ಗೊತ್ತಾಯ್ತು ಕಣವ್ವಾ. ಗೊತ್ತಾಗ್ಲಿಲ್ಲ ಅಂದ್ರೆ ನಾಲಿಗೆ ಬಿದ್ದೋಗ್ಲಿ. ಗೊತ್ತಾಯ್ತು...

ಆದ್ರೆ ನಾನೇನ್ ಮಾಡ್ಲಿ? ಬಸ್ಸು ಹೊರಟ್ಬುಟ್ಟಿತ್ತು! ಹೊರಟ ಬಸ್ಸಿಂದ ಹೆಂಗಿಳೀಲಿ ಹೇಳು? ಅಷ್ಟು ಜನದ ಮಧ್ಯೆ ತೂರ್ಕಂಡು... ಹೇಳವ್ವಾ ನೀನೇ. ನಿಂದೇನು ತಪ್ಪಿಲ್ಲ ಬುಡು ಕಾಳಕ್ಕಾ, ಬಸ್ಸು ಹೊರಟಿತ್ತಲ್ಲ ಅನ್ನು. ಒಂದೇ ಒಂದ್ಸಲ ಅಂದ್ಬುಡು, ಹೋಯ್ತೀನಿ...

ಸಾಬಿರಾ...

ಅನ್ನಲ್ವಾ?

ಹೊರಟಿರ್ಲಿಲ್ಲ ಕಣವ್ವಾ. ಡ್ರೈವರ್ರು ಸೀಟಲ್ಲೇ ಇರ್ಲಿಲ್ಲ. ಹೋಟ್ಲಿಗೆ ಹೋಗಿದ್ದ... ಟೀ ಕುಡ್ದು, ಯಾರ್ ತಾವ್ಲೋ ಮಾತಾಡಿ, ಬೀಡಿ ಸೇದಿ ಮುಗಿಸಿ ಆಮೇಲೆ ಬಂದ. ಅಲ್ಲೀಗಂಟ ಬಸ್ಸು ನಿಂತೇ ಇತ್ತು.

ಅಷ್ಟೊತ್ತೂ ನಾನು ಮಡ್ಲು ನೋಡ್ಕಂಡು ಕುಂತಿದ್ದೆ.